ಆವಲಪ್ಪನವರೂ ಎರಡು ಬೂಷ್ಟುಗಳ ನಂಟೂ

ಹುಳುವಿನ ಮೈಮೇಲೆ ಬೆಳೆದು ಹುಳುವನ್ನೇ ಕೊಲ್ಲುವ ಬೂಷ್ಟುಗಳ ಮಾತು ಬಂದಲ್ಲಿ ನಮ್ಮ ಸೀಮೆಯ ವಿದ್ವಾಂಸರು ಮೊದಲು ನೆನೆಯುವ ಹೆಸರು ಶ್ರೀ ಆವಲಪ್ಪನವರದು. ಚಿಕ್ಕಬಳ್ಳಾಪುರದ ಪ್ರಯೋಗಶಾಲೆಯಲ್ಲಿ ಹದಿನೇಳು ವರ್ಷ ಸೇವೆ ಸಲ್ಲಿಸಿ ಈ ೧೯೬೮ರಲ್ಲಿ ನಿವೃತ್ತರಾಗುತ್ತಿರುವ ಅವರು, ಸಹಾಯಕ ತಾಜ್ ಪಾಷಾ ವಿಷಮಜ್ವರದಿಂದ ಮಲಗಿದಾಗ ತಿಂಗಳಿಡೀ ತಾವೇ ಗಾಜಿನ ನಳಿಕೆಗಳನ್ನು ತೊಳೆದು, ಸಂಜೆ ಅವನ ಮನೆಗೆ ಗಂಜಿ ಒಯ್ದವರು. ಇಂಥವರ ಕೈಯಿಂದಲೇ ಒಂದು ಮನೆ ಮುರಿಯಿತೆಂದು ಬರೆಯುವುದು ಸಂಕಟದ ಕೆಲಸ.

೧೯೫೭ರಲ್ಲಿ ಗೌರಿಬಿದನೂರು ಕಡೆಯ ಕಡಲೆಕಾಯಿ ಹೊಲಗಳನ್ನು ಕಂಬಳಿಹುಳು ಬೋಳು ಮಾಡುತ್ತಿತ್ತು. ಸತ್ತ ಕಂಬಳಿಹುಳುವಿನ ಮೇಲಿದ್ದ ಬೂಷ್ಟನ್ನೇ ಬೆಳೆಸಿ ಹೊಲಕ್ಕೆ ಎರಚುವ ಉಪಾಯ ಆವಲಪ್ಪನವರದು. ರೇಷ್ಮೆಹುಳುವನ್ನು ಬೆಳ್ಳಗೆ ಬಿಗಿಸಿ ಕೊಲ್ಲುವ ಸುಣ್ಣಕಟ್ಟು ರೋಗದ ಬೂಷ್ಟಿಗೂ ಇದಕ್ಕೂ ನಂಟಿದೆಯೇ ಎಂಬುದೊಂದೇ ಅಳುಕು. ಎರಡನ್ನೂ ಬೆಳೆಸಿ ಹೋಲಿಸಿದರು: ರೇಷ್ಮೆಯದು ಬಿಳಿ, ಬೇಗ ಹರಡುವಂಥದು, ಹೊಲದ್ದು ಹಳದಿ, ಬಲು ನಿಧಾನ. ಒಂದೇ ನಳಿಕೆಯಲ್ಲಿಟ್ಟು ಅವು ಕೂಡಿ ಬೀಜ ಕಟ್ಟುತ್ತವೆಯೋ ಎಂದು ನೋಡುವ ಪರೀಕ್ಷೆ ಉಳಿದಿತ್ತು; ಕಟ್ಟಿದರೆ ಎರಡೂ ಒಂದೇ ಜಾತಿ, ಹೊಲದ್ದು ರೇಷ್ಮೆಹುಳುವಿಗೂ ಹತ್ತಬಲ್ಲದು. ಅದಕ್ಕೆ ಆರು ವಾರ ಬೇಕು. ಅವರು ಕಾಯಲಿಲ್ಲ.

ತೊಂಡೇಬಾವಿಯ ಹೊಲಗಳಿಗೆ ಪುಡಿ ಎರಚಿಸಿ, ಅದೇ ಬಟ್ಟೆಯಲ್ಲಿ ಅವರು ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಸಾಕುವ ಕದಿರಮ್ಮನವರ ಹುಳುಮನೆಗೆ ಹೋದರು. ಸೊಸೆ ಆಂಜಿನಮ್ಮ ಅಡ್ಡ ನಿಂತಳು.

“ಕೈಕಾಲು ತೊಳ್ಕಂಡು, ಬೇರೆ ಪಂಚೆ ಉಟ್ಕಂಡು ಬನ್ನಿ ಸಾಮಿ. ಹುಳ ಈಗ ತಾನೆ ಪೊರೆ ಬಿಟ್ಟವೆ.”

“ಇದು ಬೇರೆ ಜಾತಿ ಬೂಷ್ಟು ಕಣಮ್ಮ, ನಿಮ್ಮ ಹುಳಕ್ಕೇನೂ ಆಗಲ್ಲ” ಎಂದು ನಗುತ್ತಾ ಅವರು ಒಳಗೆ ನಡೆದೇಬಿಟ್ಟರು.

ಏಳನೆಯ ದಿನಕ್ಕೆ ತಟ್ಟೆಗಟ್ಟಲೆ ಹುಳು ಸೆಟೆದು ಸತ್ತವು. ಸೊಸೆ ಮುಟ್ಟಾಗಿದ್ದೂ ಮುಚ್ಚಿಟ್ಟು ಸೊಪ್ಪು ಹಾಕಿದಳೆಂದು ಊರು ಆಡಿಕೊಂಡಿತು. ಅವಳನ್ನು ಚಿಂತಾಮಣಿ ಕಡೆಯ ತವರಿಗೆ ಅಟ್ಟಿದರು. ಸುದ್ದಿ ಕೇಳಿದೊಡನೆ ಆವಲಪ್ಪನವರಿಗೆ ಅಂದು ತಮ್ಮ ಬಟ್ಟೆಯ ಮೇಲಿದ್ದ ಪುಡಿ ನೆನಪಾಯಿತು. ಆದರೂ ಖಚಿತವಾಗದೆ ಬಾಯಿ ಬಿಡಬಾರದೆಂದು ಈಗ ಆ ಪರೀಕ್ಷೆಗೆ ಕೂತರು. ಕಾಯಬೇಕಾದಲ್ಲಿ ಅವಸರಪಟ್ಟವರು ಓಡಿಹೋಗಿ ಹೇಳಬೇಕಾದಲ್ಲಿ ಕಾದರು. ವಿದ್ಯಾವಂತರ ಈ ಎಚ್ಚರಕ್ಕೆ ಬೆಂಕಿ ಹಾಕಬೇಕು!

ಆರನೆಯ ವಾರ ಬಿಳಿಯೂ ಹಳದಿಯೂ ಬೆಸೆದುಕೊಂಡು ಬೀಜ ಕಟ್ಟಿದ್ದವು. ಅವೆರಡೂ ಒಂದೇ ಜಾತಿಯವು. ಮೊದಲ ಬಸ್ಸಿಗೇ ದಿಬ್ಬೂರಹಳ್ಳಿಗೆ ಹೋಗಿ ಕದಿರಮ್ಮನವರೆದುರು ನಿಂತರು.

“ತಪ್ಪು ನಂದು ಕಣಮ್ಮ. ಹುಡುಗೀನ ಕರೆಸ್ಕೊಳ್ಳಿ.”

“ಎಲ್ಲಿಗೆ ಕರೆಸ್ಕಳ್ಳಣ ಸಾಮಿ? ಹೋದ ಸೋಮವಾರ ಮಗನಿಗೆ ಇನ್ನೊಂದು ಮದ್ವೆ ಆಗೋಯ್ತು.”

ಅರಿಸಿನ ಆರದ ಕೈಯಲ್ಲಿ ಹೊಸ ಸೊಸೆ ನೀರು ತಂದಿಟ್ಟಳು. ಅವರಿಗೆ ಕುಡಿಯಲಾಗಲಿಲ್ಲ.

ತಮ್ಮ ತಪ್ಪನ್ನು ಅವರು ಮೇಲಿನವರಿಗೆ ಬರೆದು ತಿಳಿಸಿದರು. ಬರಬೇಕಿದ್ದ ಬಡ್ತಿ ತಪ್ಪಿತು. ಕೂಡಿಸಿ ನೋಡದೆ ಯಾವ ಬೂಷ್ಟನ್ನೂ ಹೊಲಕ್ಕೆ ಬಿಡಬಾರದೆಂಬ ನಿಯಮ ನಮ್ಮ ಪ್ರಯೋಗಶಾಲೆಗೆ ಬಂದದ್ದು ಹೀಗೆ. ತಪ್ಪು ಅವಳದಲ್ಲವೆಂದು ಆಂಜಿನಮ್ಮನಿಗೂ ಒಂದು ಕಾಗದ ಬರೆದುಕೊಟ್ಟರು. “ಕೈಯಾಗೆ ಬರ್ದಿದ್ದು ಯಾರೂ ನಂಬಲ್ಲ ಸಾಮಿ, ದುಡ್ಡು ಕೊಟ್ಟು ಬರೆಸ್ಕಂಡವ್ಳೆ ಅಂತಾರೆ” ಎಂದು ಆಕೆ ಹಿಂತಿರುಗಿಸಿದಳು. ಈ ಅಭಿನಂದನ ಗ್ರಂಥವನ್ನು ಎರಡು ಸಲ ನಿರಾಕರಿಸಿದ ಅವರು ಮೂರನೆಯ ಸಲ ಒಪ್ಪಿದ್ದು, ಈ ಸಂಗತಿ ಅಚ್ಚಾಗುವುದಾದರೆ ಮಾತ್ರ ಎಂಬ ಕರಾರಿನ ಮೇಲೆ.

ಮೊದಲ ಪ್ರತಿಯನ್ನು ಅವರೇ ಆಂಜಿನಮ್ಮನ ಊರಿಗೆ ಒಯ್ಯಲಿದ್ದಾರೆ, ಹನ್ನೊಂದು ವರ್ಷ ತಡವಾಗಿ. ಊರವರ ಮುಂದೆ ಈ ಪುಟವನ್ನು ಓದಿ ಮುಗಿಸುವಷ್ಟು ಗಟ್ಟಿ ದನಿಯೂ, ಆಮೇಲೆ ಮತ್ತೆ ನಳಿಕೆಗಳ ಮುಂದೆ ಕೂರುವಷ್ಟು ಆಯುಸ್ಸೂ ಅವರಿಗಿರಲಿ.