ಪೌಡರ್ ಡಬ್ಬಿಯ ಪಂಪ್ ಮಿಸ್ತ್ರಿ

ಗಾಳಿ ಬಂದಾಗ ತೂರಿಕೋ, ಪಂಪಿಗೆ ಗಾಳಿ ಹೊಕ್ಕಾಗ ದಸ್ತಗೀರರನ್ನು ಕರೆದುಕೋ. ಗಾದೆ ಕೆಟ್ಟಿರಬಹುದು, ಕಥೆ ಮಾತ್ರ ಅಪ್ಪಟ ನಿಜ.

ಮಾನ್ವಿ ಕಡೆಯ ಹಳ್ಳಿಯಲ್ಲಿ ಬೆಳಕು ಹರಿಯುತ್ತಿದೆ. ಅಮರಮ್ಮನವರ ಭತ್ತದ ಗದ್ದೆಯಲ್ಲಿ ಕೊಯ್ಲಿನ ಯಂತ್ರ ಕೆಟ್ಟು ನಿಂತಿದೆ. ಅದರ ಹೊಟ್ಟೆಯೊಳಗೆ ತಲೆ ತೂರಿಸಿದವರು ರಾಯಚೂರಿನ ಪಂಪ್ ಮಿಸ್ತ್ರಿ ಗುಲಾಮ್ ದಸ್ತಗೀರ್. ಎಂಜಿನ್ನಿಗೆ ಡೀಸೆಲ್ ಅಳೆದು ಚಿಮ್ಮಿಸುವ ಪಂಪು ಸೋರುತ್ತಿದೆ. ಭತ್ತ ಕಾಳುದುರುವಷ್ಟು ಮಾಗಿದೆ, ಪಡುವಣಕ್ಕೆ ಮೋಡ ಕಟ್ಟಿದೆ. ಬಾಡಿಗೆಯ ಈ ಯಂತ್ರ ನಾಳೆ ದೇವದುರ್ಗಕ್ಕೆ ಹೋಗಲೇಬೇಕು. ಇಂದು ಕೊಯ್ಯದಿದ್ದರೆ ಅಮರಮ್ಮನವರ ಬೆಳೆ ಮಳೆಯ ಪಾಲು.

ಡ್ರೈವರ್ ಯಂಕೋಬ ಕಂಡಕಂಡ ನಟ್ಟುಗಳನ್ನೆಲ್ಲ ಬಿಗಿದು ಸೋತಿದ್ದಾನೆ. ಬಿಗಿದಷ್ಟೂ ಸೋರಿಕೆ ಹೆಚ್ಚಿದೆ.

ದಸ್ತಗೀರ್ ನಟ್ಟು ಬಿಗಿಯುವ ಪಾನಾ ಮುಟ್ಟುವುದಿಲ್ಲ. ಪಂಪನ್ನು ಒರೆಸಿ ಒಣಗಿಸುತ್ತಾರೆ. ಚೀಲದಿಂದ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತೆಗೆದು, ಮದುಮಗಳಿಗೆ ಸಿಂಗಾರ ಮಾಡುವಷ್ಟು ನಾಜೂಕಾಗಿ ಪಂಪಿನ ಮೈಗೆ ಉದುರಿಸುತ್ತಾರೆ. ಯಂಕೋಬ ಸ್ಟಾರ್ಟರ್ ಎಳೆಯುತ್ತಾನೆ. ಮೂರನೇ ಪೈಪಿನ ಬುಡದಲ್ಲಿ, ಬಿಳಿಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಮೂಡುತ್ತದೆ.

“ಅಳಾಕತ್ತಿದ್ದು ಇದೊಂದೇ. ಉಳಿದವು ಇದರ ಕಣ್ಣೀರಿಗೆ ತೊಯ್ದಾವಷ್ಟ.”

ಈ ವಿದ್ಯೆ ಅವರಿಗೆ ಸಿಕ್ಕಿದ್ದು ಅಮಾವಾಸ್ಯೆ ಪೂಜೆ ಮುಗಿಸಿ ಬಂದ ಟ್ರ್ಯಾಕ್ಟರಿನಿಂದ. ಭಕ್ತಿ ಹೆಚ್ಚಾಗಿ ಯಾರೋ ಪಂಪಿಗೂ ವಿಭೂತಿ ಬಳಿದಿದ್ದರು. ಸೋರುವ ಜಾಗ ತಾನೇ ಗೆರೆ ಎಳೆದು ತೋರಿಸಿತ್ತು. “ದೇವರಿಗೆ ಹಚ್ಚೂದು ನಾನು ಎಣ್ಣಿ ಕೆಲಸಕ್ಕ ತರಬಾರ್ದಲ್ರಿ, ಅದಕ್ಕ ಪೌಡರ್ ಹಿಡದೆ,” ಎನ್ನುತ್ತಾರೆ. ಪೌಡರ್ ಯಾರದೆಂದು ಕೇಳಿದರೆ ಹೆಂಡತಿ ಕಹಕಶಾನ್ ಬಳಿ ಉತ್ತರ ಸಿದ್ಧವಿದೆ: “ಶಾದಿ ಆದಾಗಿಂದ ನನ್ನ ಪೌಡರ್ ನನ್ನ ಮುಖಾ ನೋಡಿಲ್ರಿ.”

ಕೆಲಸ ಕಲಿಸಿದ ಉಸ್ತಾದರ ಅಂಗಡಿಯಲ್ಲಿ ಪಂಪು ತೊಳೆಯುತ್ತ ಬೆಳೆದವರು ದಸ್ತಗೀರ್. ಡೀಸೆಲ್ ಕುಡಿದ ಬೆರಳುಗಳು ಚಳಿಗಾಲದಲ್ಲಿ ಬಿರಿಯುತ್ತವೆ, ಊಟಕ್ಕೂ ಅದೇ ವಾಸನೆ. ಆದರೂ ಬೆಳಗಾದರೆ ಐದಾರು ಫೋನು. ಎಂಜಿನ್ ಹೇಗೆ ಕೂಗುತ್ತದೋ ಹಾಗೇ ಫೋನ್ ಮಾಡಿದವರು ಕೂಗಿ ತೋರಿಸಬೇಕೆಂಬುದು ಅವರ ಕಾನೂನು. ದೇವದುರ್ಗದ ಹಿರಿಯ ಹಂಪಯ್ಯನಂಥ ಗಂಭೀರರೂ ಸಂತೆಯ ನಡುವೆ ನಿಂತು, ಧೋತರ ಹಿಡಿದುಕೊಂಡು, “ಢಗ್ ಢಗ್ ಢಗ್... ಢುಸ್” ಎಂದು ಫೋನಿಗೆ ಕೂಗಿದ್ದಾರೆ.

ಗದ್ದೆಯಲ್ಲಿ ಈಗ ದೂಳಿನ ಭಯ. ಪಂಪಿನೊಳಗೆ ಒಂದು ಕಣ ಹೊಕ್ಕರೂ ಕೆಲಸ ಕೆಟ್ಟಂತೆ. ಅಮರಮ್ಮ ತಾಡಪಾಲು ಹಿಡಿದು ಗಾಳಿಗೆ ಗೋಡೆಯಾಗುತ್ತಾರೆ. ದಸ್ತಗೀರ್ ಬಿಗಿತಕ್ಕೆ ಹರಿದುಹೋದ ರಬ್ಬರ್ ಉಂಗುರ ತೆಗೆದು ಹೊಸದು ಕೂರಿಸಿ, ಹದವಾಗಿ ಬಿಗಿದು, ಒಳಗಿನ ಗಾಳಿ ಬಿಡುತ್ತಾರೆ. ಎಂಜಿನ್ ಕೆಮ್ಮುತ್ತದೆ, ಆಮೇಲೆ ಹಾಡುತ್ತದೆ.

ಮತ್ತೆ ಪೌಡರ್ ಉದುರಿಸುತ್ತಾರೆ. ಯಂತ್ರ ಗದ್ದೆ ಮುಗಿಸಿದ ಮೇಲೂ ಅದು ಒಣಗಿಯೇ ಇದ್ದರೆ ಮಾತ್ರ ಅವರು ಮನೆಗೆ ಹೊರಡುವುದು. ಅಲ್ಲಿಯವರೆಗೆ ಬೇವಿನ ನೆರಳು. ಅಲ್ಲಿ ನಿದ್ದೆ ಹತ್ತುತ್ತದೆ.

ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೊನೆಯ ಸಾಲೂ ಮುಗಿದು, ಭತ್ತ ಟ್ರ್ಯಾಲಿಯಲ್ಲಿ ತಾಡಪಾಲಿನಡಿ ಸೇರುತ್ತದೆ. ಮೊದಲ ಹನಿ ಅದರ ಮೇಲೆ ಟಪ್ಪೆನ್ನುತ್ತದೆ. ಯಂಕೋಬ ಪಂಪು ನೋಡುತ್ತಾನೆ: ಒಣಗಿದೆ. ಬೆಳಗಿನಿಂದ ಗಂಟಿಕ್ಕಿದ್ದ ಅಮರಮ್ಮನವರ ಮುಖ ಸಡಿಲಾಗುತ್ತದೆ. ಬಾಯಿ ತೆರೆದು ಮಲಗಿದ ಮಿಸ್ತ್ರಿಯ ಮೇಲೆ ಅವರ ಕಣ್ಣು ಬೀಳುತ್ತದೆ. ಅಮರಮ್ಮ ಕಣ್ಸನ್ನೆ ಮಾಡಿದ್ದೇ ತಡ, ಯಂಕೋಬ ಉಳಿದ ಪೌಡರನ್ನೆಲ್ಲ ಆ ಮುಖಕ್ಕೆ ಉದುರಿಸುತ್ತಾನೆ. ಸುಣ್ಣ ಬಳಿದ ಗೊಂಬೆಯಂಥ ಬಿಳಿ ಗಲ್ಲದ ಮೇಲೆ, ತುಟಿಯಂಚಿನಿಂದ ಒಂದು ಒದ್ದೆ ಗೆರೆ ನಿಧಾನಕ್ಕೆ ಇಳಿಯುತ್ತದೆ.

“ಲೀಕ್ ಸಿಕ್ತಪಾ,” ಎನ್ನುತ್ತಾರೆ ಅಮರಮ್ಮ. “ಪಂಪಿಂದಲ್ಲ, ಮಿಸ್ತ್ರಿದು.”

ನಗೆಗೆ ಎಚ್ಚರಗೊಂಡ ದಸ್ತಗೀರ್ ಯಂತ್ರದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾರೆ. ಗೆರೆಯ ಮೇಲೆ ಬೆರಳಾಡಿಸಿ, ಗಿರಾಕಿಗೆ ಕೆಟ್ಟ ಸುದ್ದಿ ಹೇಳುವವರಂತೆ ತಲೆಯಾಡಿಸುತ್ತಾರೆ.

“ಈ ಮಾಡೆಲ್ಲಿಗೆ ಸಾಮಾನು ಬರಂಗಿಲ್ಲ ಯವ್ವಾ. ಹಿಂಗೇ ಓಡಿಸ್ಬೇಕು.”

ಹೇಳಿ ಮುಗಿಸುವ ಮೊದಲೇ ಅವರಿಗೇ ನಗು ತಡೆಯದೆ, ಪೌಡರ್ ಹಾರುವಂತೆ, ಎಲ್ಲರಿಗಿಂತ ಜೋರಾಗಿ ನಗುತ್ತಾರೆ.