ಹತ್ತು ಹೆಜ್ಜೆ ದೂರದ ಮಗಳು

ಓನ್‌ಫ್ಲರ್ ಬಂದರಿನಲ್ಲಿ ನಾನು ಮೀನು ಮಾರುವವಳು. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಪಕ್ಕದ ಮನೆಯ ಹೊನೊರೀನ್ ಲೇಸು ಹೆಣೆಯುವವಳು. ಏಳನೆಯ ವಯಸ್ಸಿನಿಂದ ದಾರ ಸಿಕ್ಕಿಸುವ ಪುಟ್ಟ ದಿಂಬಿನ ಮೇಲೆ ಬಗ್ಗಿ, ಕೂದಲೆಳೆಯಂಥ ದಾರದಲ್ಲಿ ಹೂ ಎಬ್ಬಿಸಿದ್ದೇ ಅವಳ ಬದುಕು. ನಲವತ್ತಕ್ಕೆ ಕಣ್ಣು ಕೈಕೊಟ್ಟಿತು. ಮೂಗಿಗೆ ತಾಗಿಸಿದ್ದಷ್ಟೇ ಕಾಣುತ್ತಿತ್ತು, ಅದರಾಚೆ ಎಲ್ಲ ಮಂಜು. ಮಗಳು ಕ್ಲೆಮಾನ್ಸ್‌ಳ ಮುಖವನ್ನೂ ಎರಡು ಕೈಯಲ್ಲಿ ಹಿಡಿದು ಹತ್ತಿರ ಎಳೆದುಕೊಂಡೇ ನೋಡುತ್ತಿದ್ದಳು.

ಪ್ರಷ್ಯದವರ ಜೊತೆ ನಮ್ಮ ಯುದ್ಧ ಮುಗಿದ ಮರುವರ್ಷ, ಬೇಸಿಗೆಯಲ್ಲಿ ಪ್ಯಾರಿಸ್ಸಿನಿಂದ ಒಬ್ಬ ಚಿತ್ರಕಾರ ಬಂದ. ಅಲ್ಲಿನ ದೊಡ್ಡ ಪ್ರದರ್ಶನದವರು ಇವನ ಚಿತ್ರಗಳನ್ನು ವಾಪಸ್ಸು ಕಳಿಸಿದ್ದರಂತೆ. ತವರದ ಟ್ಯೂಬುಗಳಲ್ಲಿ ಬಣ್ಣ ಹೊತ್ತು ತಂದು, ಕಡಲ ದಂಡೆಯಲ್ಲೇ ನಿಂತು ಬರೆಯುತ್ತಿದ್ದ. ಸೀಗಡಿ ಹಿಡಿಯುತ್ತಿದ್ದ ಕ್ಲೆಮಾನ್ಸ್‌ಳನ್ನೂ ಬರೆದ. ನನಗೆ ತಡೆಯಲಾಗಲಿಲ್ಲ.

“ಏನ್ ಯಜಮಾನ್ರೇ, ನೆರಳಿಗೆ ನೀಲಿ ಮೆತ್ತುತಿದೀರಿ? ಕಪ್ಪು ಮುಗ್ದೋಯ್ತಾ?”

“ಮರಳ ಮೇಲೆ ನೋಡಮ್ಮ, ಕಪ್ಪು ಎಲ್ಲಿದೆ?”

ನೋಡಿದೆ. ಹಾಳಾದ್ದು, ನೀಲಿಯೇ ಇತ್ತು.

“ಆಯ್ತು, ಹುಡುಗಿ ಮುಖ ಎಲ್ಲಿ?”

“ಬೆಳಕು ಓಡ್ತಿದೆ. ಕಣ್ಣು, ಮೂಗು ಅಂತ ಕೂತ್ರೆ ಈ ಹೊತ್ತೇ ಕೈ ತಪ್ಪೋಗತ್ತೆ.”

ಚಳಿ ಬೀಳುವ ಮೊದಲೇ ಜ್ವರ ಬಂದು ಕ್ಲೆಮಾನ್ಸ್ ತೀರಿಕೊಂಡಳು. ಹತ್ತೊಂಬತ್ತು ವರ್ಷ. ಒಂದು ಫೋಟೋ ಕೂಡ ಇರಲಿಲ್ಲ. ಚಿತ್ರಕಾರ ಬಿಟ್ಟುಹೋದ ಆ ಚಿತ್ರ ಅವನು ಉಳಿದುಕೊಂಡಿದ್ದ ಗುಡ್ಡದ ಮೇಲಿನ ವಸತಿಗೃಹದಲ್ಲಿದೆಯೆಂದು ತಿಳಿದದ್ದೇ ತಡ, ಹೊನೊರೀನ್ ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ನನ್ನ ಕೈ ಹಿಡಿದಳು.

“ಅವಳ ಮುಖ ಒಂದೇ ಒಂದ್ಸಲ ನೋಡ್ಬೇಕು ಕಣೆ.”

ಅಲ್ಲಿ ಮುಖವೇ ಇಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ವಸತಿಗೃಹದ ಗೋಡೆಯಲ್ಲಿದ್ದ ಚಿತ್ರಕ್ಕೆ ಅವಳು ಮೂಗು ತಾಗಿಸಿದಳು. ಹತ್ತಿರದಲ್ಲಿ ಏನಿದೆ? ಗುಲಾಬಿ ಬಣ್ಣದ ಒಂದು ಮೆತ್ತು, ಬಿಳಿಯ ಎರಡು. ಬೆರಳಿನಿಂದ ತಡವಿದಳು.

“ಎಲ್ಲಿದಾಳೆ?”

“ಇದನ್ನ ಹತ್ತು ಹೆಜ್ಜೆ ಹಿಂದೆ ನಿಂತು ನೋಡ್ಬೇಕಂತೆ.”

“ಅಲ್ಲಿಂದ ನಂಗೆ ಗೋಡೆನೇ ಕಾಣಲ್ವಲ್ಲೇ! ನೀನು ನಿಂತ್ಕೊ. ನೀನೇ ನೋಡಿ ಹೇಳು.”

ಹಿಂದೆ ಸರಿದು ನಿಂತೆ. ಒದ್ದೆ ಮರಳು ಥಳಥಳ ಹೊಳೆಯಿತು. ಬಾಗಿದ ಬೆನ್ನು, ಗಾಳಿಗೆ ಹಾರುವ ಲಂಗ, ಥೇಟ್ ನಮ್ಮ ಕ್ಲೆಮಾನ್ಸ್. ಮುಖ ಮಾತ್ರ ಅಲ್ಲಿಂದಲೂ ಇರಲಿಲ್ಲ.

“ನಗ್ತಿದಾಳೆ,” ಅಂದೆ.

“ಆ ಸೊಟ್ಟ ಹಲ್ಲು ಕಾಣತ್ತಾ?”

“ಕಾಣತ್ತೆ ಕಣೆ, ಚೆನ್ನಾಗೇ ಕಾಣತ್ತೆ.”

ಹೊನೊರೀನ್ ನನ್ನ ದನಿ ಬಂದ ಕಡೆ ತಿರುಗಿದಳು.

“ಅದನ್ನ ಈಸ್ಟರ್‌ಗೇ, ಆ ಚಿತ್ರಕಾರ ಬರೋಕ್ ಮುಂಚೆನೇ ಕೀಳಿಸಿದ್ವಲ್ಲೇ. ನೀನೇ ಅವಳ ತಲೆ ಹಿಡ್ಕೊಂಡಿದ್ದೆ.”

ಅವಳು ಚಿತ್ರದ ಮೇಲಿಟ್ಟ ಕೈ ತೆಗೆಯಲಿಲ್ಲ.

“ಇರ್ಲಿ ಬಿಡು. ಇನ್ನೊಂದ್ಸಲ ಹೇಳು, ಹೇಗೆ ನಗ್ತಿದಾಳೆ?”