ಮುಷ್ಟಿಯಲ್ಲೇ ಉಳಿದ ಅಕ್ಷತೆ

ನನ್ನ ಮಗಳಿಗೆ ಆಟಿಸಂ ಇದೆ. ಅವಳಿಗೆ ಯಾರ ಮೇಲೂ ಮಮತೆಯಿಲ್ಲ ಎನ್ನುವವರು, ನನ್ನ ತಂಗಿಯನ್ನು ಕಂಡಾಗ ಅವಳು ಏನು ಮಾಡುತ್ತಾಳೆಂದು ನೋಡಿದವರಲ್ಲ. ಓಡಿಹೋಗಿ ಅಪ್ಪುವುದಿಲ್ಲ, ಹಿಂದಿನಿಂದ ಬಂದು ಬೆನ್ನಿಗೆ ಹಣೆ ಒತ್ತಿ ನಿಂತುಬಿಡುತ್ತಾಳೆ. ತಂಗಿಯೂ ಅಲುಗದೆ ನಿಲ್ಲುತ್ತಿದ್ದಳು, ಒಲೆಯ ಮೇಲೆ ಹಾಲು ಉಕ್ಕಿದರೂ.

ಆ ತಂಗಿಯ ಮದುವೆ ಹುಮನಾಬಾದಿನಲ್ಲಿ, ನನ್ನ ತವರಿನಲ್ಲಿ ಗೊತ್ತಾಯಿತು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ತಾಲೀಮು ಶುರು. ದಿಂಬೇ ಮದುಮಗಳು. ಮದುವೆ ಮಾಡಿಸುವ ಅಯ್ಯನವರು ಹೇಳುವಂತೆ ನಾನು 'ಸಾವಧಾನ' ಎಂದೊಡನೆ ಮಗಳು ಅಕ್ಷತೆ ಹಾಕಬೇಕು. ಮೊದಮೊದಲು ಅಕ್ಕಿ ತಿಂದಳು. ಆಮೇಲೆ ನನ್ನ ಬಾಯನ್ನೇ ನೋಡುತ್ತ ಕಾಯುವುದನ್ನು ಕಲಿತಳು. ವಾದ್ಯದ ಸದ್ದು ತಡೆಯಲು ಕಿವಿಗೆ ಹೆಡ್‌ಫೋನನ್ನೂ ತಂದೆ.

ಅಣ್ಣ ಫೋನಿನಲ್ಲಿ ಹೇಳಿದ: "ಹಿಂದಿನ ದಿನ ಬರೂದು ಬ್ಯಾಡವ್ವಾ, ಕೂಸಿಗಿ ತ್ರಾಸ ಆಗ್ತದ. ಒಂದು ಗಂಟಿಗಿ ಮುಹೂರ್ತ ಅದ, ಹನ್ನೆರಡಕ್ಕ ಬಂದ್ರ ಸಾಕು."

"ಪತ್ರಿಕಿನೇ ಕಳಿಸಿಲ್ಲಲ್ಲೋ?"

"ಮನಿ ಮಗಳಿಗಿ ಎಂಥಾ ಪತ್ರಿಕಿನವ್ವಾ!"

ಎಂಥ ಕಾಳಜಿ ಎಂದು ಹಿಗ್ಗಿದೆ.

ಮುಷ್ಟಿಯಲ್ಲಿ ಅಕ್ಷತೆ ಹಿಡಿದೇ ಅವಳು ಬಸ್ ಹತ್ತಿದಳು. ಹನ್ನೆರಡಕ್ಕೆ ಮಂಟಪ ಮುಟ್ಟಿದರೆ ಊಟದ ಪಂಗತಿ ಕೂತಿತ್ತು. ನೆಲದ ತುಂಬ ತುಳಿದ ಹಳದಿ ಅಕ್ಕಿ. ಹೋಳಿಗೆ ಬಡಿಸುತ್ತಿದ್ದ ಕಾಕಿ ಅಲ್ಲಿಂದಲೇ ಕೂಗಿದಳು: "ಈಗ ಬಂದೇನವ್ವಾ ಸಾಹುಕಾರ್ತಿ? ಅಕ್ಕಿಕಾಳು ಬಿದ್ದು ತಾಸಾತು!"

ಅಣ್ಣ ನನ್ನನ್ನು ಕಂಬದ ಮರೆಗೆ ಕರೆದ. "ಬೀಗರ ಮುಂದ ಚೀರಿದ್ರ ಹ್ಯಾಂಗ? ಅಕಿಗೇನು ತಿಳೀತದ ಅಂತ ನಾವೇ..."

ನಾವೇ ಎಂದರೆ ಯಾರ್ಯಾರು? ವೇದಿಕೆ ಹತ್ತಿ ತಂಗಿಯನ್ನು ಕೇಳಿದೆ: "ನಿನಗೂ ಗೊತ್ತಿತ್ತೇನು?"

ಬಾಸಿಂಗ ಕಟ್ಟಿದ ತಲೆ ತಗ್ಗಿತು. ಆಮೇಲೆ ಮಗಳತ್ತ ಬಾಗಿ, "ಹಾಕವ್ವಾ ಬಂಗಾರಿ, ಈಗ ಹಾಕು" ಎಂದಳು.

ಮಗಳು ಮುಷ್ಟಿ ಬಿಚ್ಚಲಿಲ್ಲ. ಯಾರಾದರೂ 'ಸಾವಧಾನ' ಎಂದಾರೆಂದು ಸುತ್ತಲಿನ ಬಾಯಿಗಳನ್ನೆಲ್ಲ ನೋಡಿದಳು. ಎಲ್ಲ ಬಾಯಿಗಳೂ ಉಣ್ಣುತ್ತಿದ್ದವು. ನಾನು ಅವಳ ಇನ್ನೊಂದು ಕೈ ಹಿಡಿದು ವೇದಿಕೆ ಇಳಿದೆ.

ಉಣ್ಣದೆ ಮರಳಿದೆವು. ಮನೆಯಲ್ಲಿ ಅವಳೇ ದಿಂಬು ತಂದಿಟ್ಟು, ಎಂದಿನ ಜಾಗದಲ್ಲಿ ನಿಂತು, ನನ್ನ ಬಾಯಿ ನೋಡಿದಳು. ಫೋನು ಬಡಿದುಕೊಳ್ಳುತ್ತಿತ್ತು, ತಂಗಿಯದು. ಎತ್ತಲಿಲ್ಲ.

"ಸಾವಧಾನ" ಎಂದೆ.

ಬೆವರಿಗೆ ಅಂಗೈಗೆ ಅಂಟಿದ ಅಕ್ಕಿ ಉದುರಲಿಲ್ಲ. ಅವಳು ಒಂದೊಂದೇ ಕಾಳು ಬಿಡಿಸಿ ದಿಂಬಿನ ಮೇಲಿಟ್ಟಳು. ಎಲ್ಲ ಮುಗಿದ ಮೇಲೆ ಅದಕ್ಕೆ ಹಣೆ ಒತ್ತಿದಳು.